ಅನುದಾನ ತಡವಾದರೂ ಒಲೆ ಆರಬಾರದು: ವೃದ್ಧಾಶ್ರಮದ ಖರ್ಚು ಹಿಡಿತಕ್ಕೆ ತರುವ ಬಗೆ

ಮಾರ್ಚ್ ಕೊನೆಯ ವಾರ. ಕಲಬುರಗಿ ಗಂಜಿನ (ಸಗಟು ಮಾರುಕಟ್ಟೆಯ) ಕಿರಾಣಿ ಅಂಗಡಿಯವರು ಉದ್ರಿ ಪುಸ್ತಕ ತೆರೆದು ನನ್ನ ಕಡೆ ತಿರುಗಿಸಿ ಇಟ್ಟರು. ನಾಲ್ಕು ತಿಂಗಳ ಬಾಕಿ. "ಸರ್ಕಾರದ ರೊಕ್ಕ ಇನ್ನಾ ಬಂದಿಲ್ರೀ ಕಾಕಾ" ಅಂದೆ. "ನನ್ನ ರೊಕ್ಕಾನೂ ಇನ್ನಾ ಬಂದಿಲ್ರೀ ಸರ" ಅಂದರು. ಸಿಟ್ಟು ಮಾಡಲಿಲ್ಲ, ಅಷ್ಟೇ ಹೇಳಿದರು. ನಾನು ಸುಮ್ನೆ ವಾಪಸ್ ಬಂದೆ.

ನಮ್ಮ ವೃದ್ಧಾಶ್ರಮದಲ್ಲಿ ಆಗ 32 ಜನ ಹಿರಿಯರಿದ್ದರು. ಅರ್ಧ ಜನಕ್ಕೆ ತಮ್ಮ ಕೈಯಲ್ಲಿ ಒಂದು ರೂಪಾಯಿಯೂ ಇಲ್ಲ. ಅನುದಾನ ಬರುತ್ತದೆ ಅಂತ ನಂಬಿ ಸಂಬಳ, ದಿನಸಿ, ಔಷಧ ಎಲ್ಲವನ್ನೂ ಅದಕ್ಕೇ ಕಟ್ಟಿಹಾಕಿದ್ದೆ. ಅದೇ ತಪ್ಪು. ಅನುದಾನ ಮಂಜೂರಾಗುವ ಲೆಕ್ಕ ಒಂದು, ಕೈಗೆ ಬರುವ ತಾರೀಖು ಇನ್ನೊಂದು, ಗಂಜಿನ ಧಾರಣೆ ಮೂರನೆಯದು. ಈ ಮೂರೂ ಒಂದಕ್ಕೊಂದು ಮಾತಾಡುವುದೇ ಇಲ್ಲ. ಒಂದು ಉದಾಹರಣೆ ನೋಡಿ: ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿಯಲ್ಲಿ ಕೇಂದ್ರದ ಪಾಲು 60ರಿಂದ 79 ವಯಸ್ಸಿನವರಿಗೆ ತಿಂಗಳಿಗೆ 200 ರೂಪಾಯಿ, 80 ದಾಟಿದವರಿಗೆ 500. ಹತ್ತು ವರ್ಷಕ್ಕೂ ಜಾಸ್ತಿ ಕಾಲ ಆ ಅಂಕಿ ಅಲ್ಲೇ ನಿಂತಿತು. ಅಷ್ಟರಲ್ಲಿ ಬೇಳೆ ಎಲ್ಲಿಗೆ ಹೋಯಿತು ಅಂತ ನಿಮಗೇ ಗೊತ್ತು. ದುಡ್ಡು ಕಡಿತ ಆಗದೆಯೂ ಹೀಗೆ ಕರಗುತ್ತದೆ.

ಕಲಬುರಗಿ, ಬೀದರ್, ಯಾದಗಿರಿ ಕಡೆ ಸಣ್ಣ ವೃದ್ಧಾಶ್ರಮ ನಡೆಸುವವರಿಗೆ, ಟ್ರಸ್ಟಿನಲ್ಲಿ ಲೆಕ್ಕ ನೋಡುವವರಿಗೆ ಇದನ್ನು ಬರೆಯುತ್ತಿದ್ದೇನೆ. ಹಂತಗಳನ್ನು ಇದೇ ಕ್ರಮದಲ್ಲಿ ಹಿಡಿದರೆ ಒಳ್ಳೆಯದು. ಮೊದಲ ಎರಡನ್ನು ಬಿಟ್ಟು ನೇರ ಅಡುಗೆಮನೆಗೆ ಹೋದರೆ ನಾನು ಮಾಡಿದ ಹಾಗೆ ಅಕ್ಕಿ ಕಡಿಮೆ ಮಾಡಿ ಬೈಸಿಕೊಳ್ಳುತ್ತೀರಿ.

ಹಂತ 1: ಒಬ್ಬರಿಗೆ ಒಂದು ದಿನಕ್ಕೆ ಎಷ್ಟು?

ಬಹಳ ಜನ ತಿಂಗಳ ಒಟ್ಟು ಖರ್ಚು ಹೇಳುತ್ತಾರೆ. "ಮೂರು ಲಕ್ಷ ಆಗ್ತದ್ರೀ" ಅಂತ. ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಜನ ಜಾಸ್ತಿ ಆಗಿ ಖರ್ಚು ಏರಿತಾ, ಸೋರಿಕೆಯಿಂದ ಏರಿತಾ ಗೊತ್ತಾಗಲ್ಲ.

ದಿನಾ ರಾತ್ರಿ ಊಟಕ್ಕೆ ಎಷ್ಟು ಜನ ಇದ್ದರು ಅಂತ ಒಂದು ಪುಸ್ತಕದಲ್ಲಿ ಬರೆಯಿರಿ. ತಿಂಗಳ ಕೊನೆಗೆ ಕೂಡಿಸಿ. 32 ಜನ 30 ದಿನ ಪೂರ್ತಿ ಇದ್ದರೆ 960. ನಾಲ್ಕು ಜನ ಊರ ಜಾತ್ರೆಗೆ ಹೋಗಿದ್ದರೆ, ಇಬ್ಬರು ಆಸ್ಪತ್ರೆಯಲ್ಲಿದ್ದರೆ ಅಷ್ಟು ಕಡಿಮೆ. ಒಟ್ಟು ಖರ್ಚನ್ನು ಈ ಸಂಖ್ಯೆಯಿಂದ ಭಾಗಿಸಿ.

ಒಂದು ಮಾದರಿ ಲೆಕ್ಕ ಹಾಕೋಣ. ಸಂಬಳ 1,36,000. ಊಟ ತಿಂಡಿ 86,400. ಔಷಧ, ಆಸ್ಪತ್ರೆ 34,000. ಕರೆಂಟು, ನೀರು, ಗ್ಯಾಸು 30,000. ಡಯಾಪರ್, ಸಾಬೂನು, ಬಟ್ಟೆ 20,000. ರಿಪೇರಿ ಮತ್ತು ಇತರೆ 14,000. ಒಟ್ಟು 3,20,400. ಇದನ್ನು 960ರಿಂದ ಭಾಗಿಸಿದರೆ ಒಬ್ಬರಿಗೆ ದಿನಕ್ಕೆ ಸುಮಾರು 334 ರೂಪಾಯಿ. ಅದರಲ್ಲಿ ಊಟ 90, ಸಂಬಳ 142. ಈಗ ನೋಡಿ, ದೊಡ್ಡ ತೂತು ಎಲ್ಲಿ ಇರಬಹುದು ಅಂತ ಕಣ್ಣಿಗೇ ಕಾಣುತ್ತದೆ. ಊಟದಲ್ಲಿ ಹತ್ತು ರೂಪಾಯಿ ಹಿಂಡಲು ಒದ್ದಾಡುವವರು ಔಷಧದ 35 ರೂಪಾಯಿಯನ್ನು ತಿರುಗಿಯೂ ನೋಡಿರುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ನಮ್ಮ ಕಡೆ ವಸ್ತು ರೂಪದ ದಾನ ಜಾಸ್ತಿ. ತೊಗರಿ ರಾಶಿ ಮುಗಿದ ಮೇಲೆ ರೈತರು ಒಂದು ಚೀಲ ತಂದು ಇಳಿಸುತ್ತಾರೆ. ಯಾರೋ ಅಕ್ಕಿ ಕೊಡುತ್ತಾರೆ, ಯಾರೋ ಎಣ್ಣೆ ಡಬ್ಬಿ. ಅದಕ್ಕೆ ದುಡ್ಡು ಕೊಟ್ಟಿಲ್ಲ ಅಂತ ಲೆಕ್ಕಕ್ಕೆ ಹಿಡಿಯದೆ ಬಿಟ್ಟರೆ ಊಟದ ಖರ್ಚು 60 ಅಂತ ತೋರಿಸುತ್ತದೆ. ದಾನ ಬಾರದ ತಿಂಗಳು ಅದು ಏಕ್‌ದಮ್ 90 ಆಗುತ್ತದೆ, ನೀವು ಅಡುಗೆಯವಳ ಮೇಲೆ ಸಂಶಯ ಪಡುತ್ತೀರಿ. ಬಂದ ಪ್ರತಿ ಚೀಲವನ್ನೂ ತೂಗಿ, ಆ ದಿನದ ಮಾರುಕಟ್ಟೆ ಬೆಲೆ ಹಾಕಿ ಸ್ಟಾಕ್ ಪುಸ್ತಕಕ್ಕೆ ಏರಿಸಿ. ಒಂದು ಕಡೆ ದಾನ ಅಂತ ಜಮಾ, ಇನ್ನೊಂದು ಕಡೆ ಬಳಸಿದಾಗ ಖರ್ಚು.

ಹಂತ 2: ಬರುವ ದುಡ್ಡನ್ನು ಮೂರು ಬುಟ್ಟಿಗೆ ಹಾಕಿ

ಮೊದಲ ಬುಟ್ಟಿ ಖಚಿತವಾದದ್ದು: ದುಡ್ಡು ಕೊಟ್ಟು ಇರುವ ಹಿರಿಯರ ಶುಲ್ಕ, ಠೇವಣಿಯ ಬಡ್ಡಿ, ಅಂಗಡಿ ಬಾಡಿಗೆ ಇದ್ದರೆ ಅದು. ಎರಡನೆಯದು ದಾನ. ಬರುತ್ತದೆ, ಆದರೆ ಶ್ರಾವಣದಲ್ಲಿ ತುಂಬಿ ಹರಿದು ಬೇಸಿಗೆಯಲ್ಲಿ ಒಣಗುತ್ತದೆ. ಮೂರನೆಯದು ಅನುದಾನ.

ನಿಯಮ ಒಂದೇ. ಸಂಬಳ ಮತ್ತು ಊಟ ಮೊದಲ ಬುಟ್ಟಿಯಿಂದ ಎಷ್ಟು ಆಗುತ್ತದೋ ಅಷ್ಟು, ಉಳಿದದ್ದು ಎರಡನೆಯದರಿಂದ. ಅನುದಾನ ಬಂದಾಗ ಅದು ಹಳೆಯ ಖರ್ಚನ್ನು ತುಂಬಿಕೊಟ್ಟು ಮೀಸಲು ಖಾತೆಗೆ ಹೋಗಬೇಕು. ಒಂದೇ ವರ್ಷದಲ್ಲಿ ಇದು ಆಗಲ್ಲ. ನಮಗೆ ಮೂರು ವರ್ಷ ಹಿಡಿಯಿತು. ಮೊದಲ ಗುರಿ ಒಂದು ತಿಂಗಳ ಸಂಬಳ ಮತ್ತು ದಿನಸಿ ಬ್ಯಾಂಕಿನಲ್ಲಿ ಬೇರೆ ಖಾತೆಯಲ್ಲಿ ಇರುವುದು. ಆಮೇಲೆ ಮೂರು ತಿಂಗಳದ್ದು.

ಅನುದಾನವನ್ನು ಕೈ ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಕೇಂದ್ರದ ಹಿರಿಯ ನಾಗರಿಕರ ಸಮಗ್ರ ಕಾರ್ಯಕ್ರಮ ಈಗ ಅಟಲ್ ವಯೋ ಅಭ್ಯುದಯ ಯೋಜನೆಯ ಒಳಗೆ ಇದೆ. 1992ರಿಂದ ಬೇರೆ ಬೇರೆ ಹೆಸರಿನಲ್ಲಿ ನಡೆದು ಬಂದದ್ದು. ರಾಜ್ಯದಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಇದೆ. ದುಡ್ಡು ತಡವಾಗುವುದಕ್ಕೆ ಮೇಲಿನವರ ಕಾರಣ ಎಷ್ಟೋ ಇರಬಹುದು, ಅದು ನಮ್ಮ ಕೈಲಿಲ್ಲ. ನಮ್ಮ ಕೈಲಿರುವುದು ಕಾಗದ. ಅನುದಾನ ಹೇಗೆ ಖರ್ಚಾಯಿತು ಅಂತ ಬಳಕೆ ಪ್ರಮಾಣಪತ್ರ ಕೊಡಬೇಕು; ಒಂದು ವರ್ಷ ಅದರಲ್ಲಿದ್ದ ಅಂಕಿಗೂ ಆಡಿಟ್ ವರದಿಯ ಅಂಕಿಗೂ 1,140 ರೂಪಾಯಿ ವ್ಯತ್ಯಾಸ ಬಂತು. ಬ್ಯಾಂಕ್ ಬಡ್ಡಿ ತೋರಿಸುವುದು ಮರೆತಿದ್ದೆವು. ಕಡತ ವಾಪಸ್ ಬಂತು, ಮತ್ತೆ ಹೋಗಿ ಸರದಿಯಲ್ಲಿ ಕುಳಿತುಕೊಂಡಿತು. ಸಾವಿರದ ನೂರ ನಲವತ್ತು ರೂಪಾಯಿಗೆ ಲಕ್ಷಗಟ್ಟಲೆ ದುಡ್ಡು ಐದು ತಿಂಗಳು ನಿಂತಿತು.

ಅದಕ್ಕೇ ಅನುದಾನಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇಡಿ, ಬೇರೆ ಯಾವ ದುಡ್ಡನ್ನೂ ಅದಕ್ಕೆ ಬೆರೆಸಬೇಡಿ. ಹಿರಿಯರ ಹಾಜರಿ, ಸಿಬ್ಬಂದಿ ಹಾಜರಿ, ಸಂಬಳದ ಸಹಿ, ಬಿಲ್ಲು ಎಲ್ಲವೂ ಅದೇ ತಿಂಗಳು ಫೈಲಿಗೆ ಸೇರಲಿ. ಆಡಿಟರ್ ಹತ್ರ ಏಪ್ರಿಲ್‌ನಲ್ಲೇ ಹೋಗಿ. ಸೆಪ್ಟೆಂಬರ್‌ಗೆ ಎಲ್ಲರೂ ಹೋಗುತ್ತಾರೆ, ಆಗ ಅವರು ಫೋನ್ ಎತ್ತಲ್ಲ.

ಹಂತ 3: ಅಡುಗೆಮನೆ

ಇಲ್ಲಿ ಮೊದಲು ಮಾಡಬೇಕಾದ ಕೆಲಸ ಅಕ್ಕಿ ಅಳೆಯುವುದಲ್ಲ, ಉಳಿದದ್ದನ್ನು ತೂಗುವುದು. ಒಂದು ಬಕೆಟ್, ಒಂದು ತೂಗುಯಂತ್ರ. ಹತ್ತು ದಿನ ಪ್ರತಿ ಹೊತ್ತಿನ ತಂಗಳು, ತಟ್ಟೆಯಲ್ಲಿ ಬಿಟ್ಟದ್ದು ಎಲ್ಲ ಅದರಲ್ಲಿ ಹಾಕಿ ತೂಗಿ ಗೋಡೆ ಮೇಲಿನ ಹಾಳೆಯಲ್ಲಿ ಬರೆಯಿರಿ.

ನಮ್ಮಲ್ಲಿ ಬೆಳಗ್ಗೆ, ಮಧ್ಯಾಹ್ನ ಹೆಚ್ಚೇನೂ ಇರಲಿಲ್ಲ. ರಾತ್ರಿ ಮಾತ್ರ ದಿನಾ ಸರಾಸರಿ ಐದು ಕಿಲೋ ಅನ್ನ ಬಕೆಟ್ಟಿಗೆ ಹೋಗುತ್ತಿತ್ತು. ಐದು ಕಿಲೋ ಅನ್ನ ಅಂದರೆ ಹತ್ರ ಹತ್ರ ಎರಡು ಕಿಲೋ ಅಕ್ಕಿ. ತಿಂಗಳಿಗೆ 60 ಕಿಲೋ. ನಾನು ತಕ್ಷಣ ರಾತ್ರಿ ಅಕ್ಕಿ ಕಡಿಮೆ ಮಾಡಿ ಅಂದುಬಿಟ್ಟೆ. ಎರಡೇ ದಿನಕ್ಕೆ ಹಿರಿಯರು ಮುಖ ಗಂಟಿಕ್ಕಿದರು. ಆಗ ಸೇಡಂ ಕಡೆಯ ಒಬ್ಬ ಮುತ್ಯಾ ಕರೆದು ಹೇಳಿದರು: "ರಾತ್ರಿ ಅನ್ನ ಯಾರಿಗಿ ಬೇಕ್ರೀ ಸರ? ರೊಟ್ಟಿ ಹಲ್ಲಿಗಿ ಸಿಗಂಗಿಲ್ಲ ಅಂತ ಅನ್ನ ನೀಡಿಸ್ಕೋತೀವಿ, ಎರಡು ತುತ್ತು ಉಂಡು ಬಿಡ್ತೀವಿ. ಮುಟಗಿ ಮಾಡಸ್ರಿ."

ಮುಟಗಿ ಗೊತ್ತಲ್ವಾ? ಬಿಸಿ ಜೋಳದ ರೊಟ್ಟಿಯನ್ನು ಬೆಳ್ಳುಳ್ಳಿ, ಉಪ್ಪು, ಸ್ವಲ್ಪ ಎಣ್ಣೆ ಹಾಕಿ ಮಿದ್ದಿ ಉಂಡೆ ಮಾಡುವುದು. ಖಾರ ಆಗದವರಿಗೆ ಖಾರ ಇಲ್ಲದೆ. ಜತೆಗೆ ಬೇಳೆ ಕಟ್ಟು. ವಾರಕ್ಕೆ ಎರಡು ದಿನ ಜೋಳದ ನುಚ್ಚು, ಮಜ್ಜಿಗೆ. ತಿಂಗಳ ಮೇಲೆ ಮತ್ತೆ ತೂಗಿದಾಗ ರಾತ್ರಿಯ ಬಕೆಟ್ ಒಂದು ಕಿಲೋ ದಾಟಲಿಲ್ಲ. ತಿಂಗಳಿಗೆ ಸುಮಾರು ಎರಡು ಸಾವಿರ ಉಳಿಯಿತು. ದೊಡ್ಡ ದುಡ್ಡೇನಲ್ಲ. ಆದರೆ ಹಿರಿಯರು ಹೊಟ್ಟೆ ತುಂಬ ಉಂಡು ಮಲಗಿದರು, ಅದರ ಬೆಲೆ ಮುಂದಿನ ಹಂತದಲ್ಲಿ ಬರುತ್ತದೆ.

ಇನ್ನು ಖರೀದಿ. ನಾವು ಇರುವುದು ತೊಗರಿಯ ಕಣಜದಲ್ಲಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಗುರುತೂ ಸಿಕ್ಕಿದೆ. ಹಾಗಿದ್ದೂ ವರ್ಷವಿಡೀ ಚಿಲ್ಲರೆ ಅಂಗಡಿಯಲ್ಲಿ ಪ್ಯಾಕೆಟ್ ಬೇಳೆ ಕೊಳ್ಳುವ ಆಶ್ರಮಗಳಿವೆ. ಲೆಕ್ಕ ಹಾಕಿ: ಒಬ್ಬರಿಗೆ ದಿನಕ್ಕೆ 60 ಗ್ರಾಂ ಬೇಳೆ ಅಂದರೆ 32 ಜನಕ್ಕೆ ಎರಡು ಕಿಲೋಗೆ ಸ್ವಲ್ಪ ಕಡಿಮೆ, ವರ್ಷಕ್ಕೆ 7 ಕ್ವಿಂಟಲ್. ಹೊಸ ತೊಗರಿ ಡಿಸೆಂಬರ್ ಕೊನೆಯಿಂದ ಫೆಬ್ರುವರಿ ತನಕ ಬರುತ್ತದೆ. ಆಗ ದಾಲ್ ಮಿಲ್ಲಿಗೇ ಹೋಗಿ. ಇನ್ನೊಂದು ಮಾತು: ತುಂಡು ಬೇಳೆ ಕೇಳಿ. ಒಡೆಯುವಾಗ ಚೂರಾದದ್ದು ಅಷ್ಟೇ, ಬೇಳೆ ಅದೇ. ಸಾರಿಗೆ, ಪಪ್ಪಿಗೆ ಏನೂ ವ್ಯತ್ಯಾಸ ಇಲ್ಲ, ಬೇಗ ಬೇಯುತ್ತದೆ ಕೂಡ. ಬೆಲೆ ಇಡೀ ಬೇಳೆಗಿಂತ ಕಡಿಮೆ. ಕಲ್ಲು, ಹೊಟ್ಟು ಇದೆಯಾ ಅಂತ ಕೈಯಲ್ಲಿ ಹಿಡಿದು ನೋಡಿ ತನ್ನಿ.

ಬಿಳಿಜೋಳವೂ ಹಾಗೇ, ಹಿಂಗಾರಿನ ರಾಶಿ ಮುಗಿದ ಮೇಲೆ ಹೊಸದು ಬಂದಾಗ ಚೀಲಗಟ್ಟಲೆ ಕೊಂಡು ಒಣಗಿಸಿ ಇಡಿ. ವಾರಕ್ಕೆ ಬೇಕಾದಷ್ಟೇ ಬೀಸಿಸಿ. ಹಿಟ್ಟು ಹಳತಾದರೆ ರೊಟ್ಟಿ ಹರಿಯುತ್ತದೆ, ಬಡಿಯುವವರಿಗೆ ಸಿಟ್ಟು ಬರುತ್ತದೆ. ಒಟ್ಟಿಗೆ ಕೊಳ್ಳಲು ದುಡ್ಡಿಲ್ಲದಿದ್ದರೆ ಸಾಲ ಮಾಡಬೇಡಿ. ಇನ್ನೂ ಒಂದಿಬ್ಬರು ಆಶ್ರಮದವರು, ಹಾಸ್ಟೆಲ್‌ನವರು ಸೇರಿ ಕೊಂಡುಕೊಳ್ಳಿ. ಹಾಲು, ಮೊಸರು, ಮೊಟ್ಟೆ ಇವುಗಳಲ್ಲಿ ಕೈ ಹಾಕಬೇಡಿ. ಹಾಲಿಗೆ ನೀರು ಬೆರೆಸಿ ಉಳಿಸಿದ ದುಡ್ಡು ಔಷಧ ಅಂಗಡಿಗೆ ಹೋಗುತ್ತದೆ.

ಹುಟ್ಟುಹಬ್ಬದ ಊಟ ತರುವವರ ಬಗ್ಗೆಯೂ ಹೇಳಲೇಬೇಕು. ಪ್ರೀತಿಯಿಂದ ತರುತ್ತಾರೆ, ಬೇಡ ಅನ್ನಲು ಆಗಲ್ಲ. ಆದರೆ ಒಂದೇ ಭಾನುವಾರ ಮೂರು ಮನೆಯವರು ಜಿಲೇಬಿ ತಂದರೆ ಸೋಮವಾರ ಅರ್ಧ ಜನಕ್ಕೆ ಶುಗರ್ ಏರಿರುತ್ತದೆ. ನಾವು ಗೇಟಿನ ಹತ್ರ ಒಂದು ಕರಿಹಲಗೆ ಹಾಕಿದೆವು. ಮೇಲೆ "ಈ ವಾರ ಬೇಕಾದ್ದು" ಅಂತ. ಕೆಳಗೆ ದೊಡ್ಡವರ ಡಯಾಪರ್ ಎಲ್ ಸೈಜ್, ಫಿನೈಲ್, ಕೊಬ್ಬರಿ ಎಣ್ಣೆ, ಮೊಟ್ಟೆ ಹೀಗೆ. ಮೊದಲ ತಿಂಗಳು ಜನ ಓದಿ ನಕ್ಕರು. ಈಗ ಫೋನ್ ಮಾಡಿ "ಹಲಗಿ ಮ್ಯಾಲ ಏನ್ ಬರದೀರಿ" ಅಂತ ಕೇಳುತ್ತಾರೆ. ಊಟದ ದಾನಕ್ಕೂ ದಿನಾಂಕದ ಪುಸ್ತಕ ಇಡಿ, ದಿನಕ್ಕೆ ಒಬ್ಬರೇ. ನಮ್ಮ ಅಡುಗೆಮನೆಯಲ್ಲೇ ಮಾಡಿಸಿ ಅಂತ ಕೇಳಿದರೆ ಬಹುಪಾಲು ಜನ ಒಪ್ಪುತ್ತಾರೆ.

ಹಂತ 4: ಆಸ್ಪತ್ರೆಗೆ ಹೋಗುವ ದಾರಿ ಕಡಿಮೆ ಮಾಡಿ

ವೃದ್ಧಾಶ್ರಮದ ಖರ್ಚು ಒಡೆಯುವುದು ಅಕ್ಕಿಯಿಂದಲ್ಲ. ಬೆನ್ನಿನ ಹುಣ್ಣಿನಿಂದ, ಬಚ್ಚಲಲ್ಲಿ ಜಾರಿ ಬೀಳುವುದರಿಂದ, ಬೇಸಿಗೆಯಲ್ಲಿ ನೀರು ಕುಡಿಯದೆ ಇರುವುದರಿಂದ.

ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿ ಮಲಗಿಸಬೇಕು. ಎಲ್ಲರಿಗೂ ಗೊತ್ತಿರುವ ಮಾತು. ರಾತ್ರಿ ಯಾರೂ ಮಾಡುವುದಿಲ್ಲ, ಅದೂ ಎಲ್ಲರಿಗೂ ಗೊತ್ತು. ಮಂಚದ ತಲೆಭಾಗಕ್ಕೆ ಒಂದು ಹಾಳೆ ಕಟ್ಟಿ: ಗಂಟೆ, ಎಡ, ಬಲ, ಅಂಗಾತ, ಸಹಿ. ಬೆಳಗ್ಗೆ ಮೈ ತೊಳೆಯುವಾಗ ಸೊಂಟದ ಕೆಳಗಿನ ಎಲುಬು, ಹಿಮ್ಮಡಿ, ಎರಡೂ ಮಗ್ಗಲಿನ ಪೃಷ್ಠದ ಎಲುಬು ಇವನ್ನು ನೋಡಲೇಬೇಕು. ಕೆಂಪಾದ ಜಾಗ ಬೆರಳಲ್ಲಿ ಒತ್ತಿದಾಗ ಬಿಳಿಚಿಕೊಳ್ಳದಿದ್ದರೆ ಹುಣ್ಣು ಶುರುವಾಗಿದೆ ಅಂತ ಅರ್ಥ. ಅಲ್ಲಿ ಎಣ್ಣೆ ಹಾಕಿ ತಿಕ್ಕಬಾರದು. ಭಾರ ತಪ್ಪಿಸಬೇಕು, ಒಣಗಿರಬೇಕು, ನರ್ಸಿಗೆ ಹೇಳಬೇಕು. ಗಾಳಿ ಹಾಸಿಗೆಗೆ ಕೆಲವು ಸಾವಿರ ಆಗುತ್ತದೆ. ಒಂದು ಆಳವಾದ ಹುಣ್ಣು ಮಾಯಲು ತಿಂಗಳುಗಟ್ಟಲೆ ಡ್ರೆಸಿಂಗ್, ಆಂಟಿಬಯೋಟಿಕ್, ಆಟೋ ಬಾಡಿಗೆ. ಆ ಮುತ್ಯಾನ ನೋವನ್ನು ಯಾವ ಕಾಲಂನಲ್ಲಿ ಬರೆಯುತ್ತೀರಿ?

ಡಯಾಪರ್ ವಿಷಯವೂ ಇಲ್ಲಿಗೇ ಸೇರುತ್ತದೆ. ಎದ್ದು ಓಡಾಡುವವರಿಗೂ ರಾತ್ರಿ ಪಾಳಿಯವರ ಅನುಕೂಲಕ್ಕೆ ಡಯಾಪರ್ ಹಾಕುವ ಅಭ್ಯಾಸ ಬೆಳೆಯುತ್ತದೆ. ಎರಡು ಮೂರು ಗಂಟೆಗೊಮ್ಮೆ "ನಡೀರಿ ಆಯಿ, ಹೋಗಿ ಬರೋಣ" ಅಂತ ಕರೆದುಕೊಂಡು ಹೋದರೆ ಎಷ್ಟೋ ಜನಕ್ಕೆ ಡಯಾಪರ್ ಬೇಕಾಗುವುದೇ ಇಲ್ಲ. ನಮ್ಮಲ್ಲಿ ಹೀಗೆ 11 ಜನರಿಂದ 6ಕ್ಕೆ ಇಳಿಯಿತು. ಆ ಐದು ಜನರ ಮುಖದಲ್ಲಿ ಕಳೆ ಬಂತು, ಅದು ಬೇರೆ ಮಾತು.

ಬೀಳುವುದನ್ನು ತಪ್ಪಿಸಲು ದೊಡ್ಡ ಖರ್ಚು ಬೇಡ. ಮಂಚದಿಂದ ಬಚ್ಚಲಿನ ತನಕ ರಾತ್ರಿ ಉರಿಯುವ ಸಣ್ಣ ದೀಪ. ಗೋಡೆಗೆ ಉಕ್ಕಿನ ಹಿಡಿಕೆ. ನಮ್ಮ ಕಡೆ ಶಹಾಬಾದ್ ಕಲ್ಲಿನ ನೆಲ ಜಾಸ್ತಿ. ಪಾಲಿಶ್ ಮಾಡಿದ ಕಲ್ಲು ಒದ್ದೆಯಾದರೆ ಬಲೇ ಜಾರು. ಬಚ್ಚಲಿಗೆ ಒರಟು ಕಲ್ಲೇ ಹಾಕಿಸಿ, ಇರುವುದಕ್ಕೆ ಉಳಿಯಿಂದ ಗೀರು ಹೊಡೆಸಿ.

ಬೇಸಿಗೆಯಲ್ಲಿ ಇಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆ. ಜತೆಗೆ ಬಚ್ಚಲಿಗೆ ಎದ್ದು ಹೋಗಬೇಕಲ್ಲ ಅಂತ ನೀರೇ ಕುಡಿಯುವುದಿಲ್ಲ. ಬೆಳಗ್ಗೆ 11ಕ್ಕೆ, ಮಧ್ಯಾಹ್ನ 3ಕ್ಕೆ ಲೋಟದಲ್ಲಿ ಮಜ್ಜಿಗೆ ಕೈಗೇ ಕೊಟ್ಟು ಕುಡಿಯುವ ತನಕ ನಿಲ್ಲಿ. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಎಷ್ಟು ಅಂತ ಡಾಕ್ಟರನ್ನು ಕೇಳಿ. ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವವರ ಪಟ್ಟಿಯನ್ನು ಮಾರ್ಚ್‌ನಲ್ಲೇ ಅವರಿಗೆ ತೋರಿಸಿ.

ಔಷಧದ ಖರ್ಚು ಇಳಿಸಲು ಎರಡು ದಾರಿ. ಒಂದು, ವರ್ಷಕ್ಕೆ ಎರಡು ಸಲ ಪ್ರತಿಯೊಬ್ಬರ ಎಲ್ಲ ಗುಳಿಗೆಗಳನ್ನೂ ಒಂದು ಚೀಲಕ್ಕೆ ಹಾಕಿ ಒಬ್ಬರೇ ಡಾಕ್ಟರ ಮುಂದೆ ಸುರುವಿ. ಒಂದೇ ಔಷಧ ಎರಡು ಕಂಪನಿಯ ಹೆಸರಿನಲ್ಲಿ ನುಂಗುತ್ತಿದ್ದ ಆಯಿ ನಮ್ಮಲ್ಲಿದ್ದರು. ಎರಡು ಆಸ್ಪತ್ರೆ, ಎರಡು ಚೀಟಿ, ಯಾರೂ ಹೋಲಿಸಿ ನೋಡಿರಲಿಲ್ಲ. ನಾವೇ ಗುಳಿಗೆ ನಿಲ್ಲಿಸುವ ಸಾಹಸ ಮಾತ್ರ ಬೇಡ. ಇನ್ನೊಂದು, ಚೀಟಿಯಲ್ಲಿ ಔಷಧದ ಮೂಲ ಹೆಸರು ಬರೆಯಿರಿ ಅಂತ ಕೇಳಿ. ಅಮ್ಲೋಡಿಪಿನ್, ಮೆಟ್‌ಫಾರ್ಮಿನ್‌ನಂಥವು ಸರ್ಕಾರಿ ಆರೋಗ್ಯ ಕೇಂದ್ರದ ಎನ್‌ಸಿಡಿ (ಬಿಪಿ, ಶುಗರ್‌ನಂಥ ಅಂಟದ ರೋಗಗಳ) ಕ್ಲಿನಿಕ್‌ನಲ್ಲಿ ಉಚಿತ. ಅಲ್ಲಿ ಸಿಗದಿದ್ದರೆ ಜನೌಷಧಿ ಅಂಗಡಿಯಲ್ಲಿ ಕಂಪನಿ ಹೆಸರಿನದರ ಅರ್ಧಕ್ಕಿಂತ ಕಡಿಮೆಗೆ ಸಿಗುವುದು ಎಷ್ಟೋ ಇವೆ.

ಹಂತ 5: ಸಿಬ್ಬಂದಿ

ಸಂಬಳ ದೊಡ್ಡ ಅಂಕಿ, ಹಾಗಾಗಿ ಎಲ್ಲರ ಕಣ್ಣೂ ಮೊದಲು ಅಲ್ಲಿಗೇ ಬೀಳುತ್ತದೆ. ರಾತ್ರಿ ಪಾಳಿಯಲ್ಲಿ ಇಬ್ಬರಿದ್ದರೆ ಒಬ್ಬರನ್ನು ತೆಗೆಯೋಣ ಅನ್ನುತ್ತಾರೆ. ಮಾಡಬೇಡಿ. ಒಬ್ಬಳೇ ಆಯಾ ಒಬ್ಬ ಭಾರದ ಮನುಷ್ಯನನ್ನು ಮಗ್ಗಲು ತಿರುಗಿಸಲಾರಳು. ಹಾಳೆಯಲ್ಲಿ ಸಹಿ ಮಾತ್ರ ಬೀಳುತ್ತದೆ, ಮುತ್ಯಾ ಹಾಗೇ ಮಲಗಿರುತ್ತಾರೆ.

ಉಳಿಸುವ ಜಾಗ ಬೇರೆ ಇದೆ. ಯಾವ ಹೊತ್ತಿಗೆ ಕೆಲಸ ಜಾಸ್ತಿ ಅಂತ ಒಂದು ವಾರ ಬರೆದು ನೋಡಿ. ನಮ್ಮಲ್ಲಿ ಬೆಳಗ್ಗೆ 6ರಿಂದ 10 ನೂಕುನುಗ್ಗಲು, ಮಧ್ಯಾಹ್ನ 1ರಿಂದ 4 ಎಲ್ಲರೂ ಕುಳಿತಿರುತ್ತಿದ್ದರು. ಪೂರ್ತಿ ದಿನದ ಒಂದು ಹುದ್ದೆ ಖಾಲಿಯಾದಾಗ ಅದರ ಬದಲು ಹತ್ತಿರದ ಊರಿನ ಇಬ್ಬರು ಹೆಂಗಸರನ್ನು ಬೆಳಗಿನ ನಾಲ್ಕು ತಾಸಿನ ಕೆಲಸಕ್ಕೆ ತೆಗೆದುಕೊಂಡೆವು. ಅವರಿಗೂ ಮಕ್ಕಳು ಶಾಲೆಯಿಂದ ಬರುವಷ್ಟರಲ್ಲಿ ಮನೆಗೆ ಹೋಗಲು ಅನುಕೂಲ. ಯಾರನ್ನೂ ತೆಗೆದುಹಾಕಲಿಲ್ಲ.

ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡಬೇಡಿ. 10 ಜನ ಕೆಲಸಗಾರರಾದರೆ ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ), 20 ಆದರೆ ಪಿಎಫ್ (ಭವಿಷ್ಯ ನಿಧಿ) ಬಗ್ಗೆ ಆಡಿಟರ್ ಹತ್ರ ಕುಳಿತು ಮಾತಾಡಿ. ಇಎಸ್‌ಐನಲ್ಲಿ ನಾವು ಕಟ್ಟುವುದು ಸಂಬಳದ ಶೇ. 3.25, ಅವರದು ಶೇ. 0.75. ಕಲಬುರಗಿಯಲ್ಲೇ ಸೇಡಂ ರಸ್ತೆಯಲ್ಲಿ ದೊಡ್ಡ ಇಎಸ್‌ಐ ಆಸ್ಪತ್ರೆ ಇದೆ. ಕೆಲಸದವರ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಾಗ ಮುಂಗಡ ಕೇಳುವುದು ಕಡಿಮೆ ಆಗುತ್ತದೆ, ಕೆಲಸ ಬಿಟ್ಟು ಹೋಗುವವರೂ ಕಡಿಮೆ. ಹೊಸಬರಿಗೆ ಕಲಿಸುವ ಮೂರು ತಿಂಗಳು ಎಷ್ಟು ದುಬಾರಿ ಅಂತ ಲೆಕ್ಕ ಹಾಕಿದವರು ಕಡಿಮೆ. ನರ್ಸಿಂಗ್ ಕಾಲೇಜುಗಳಿಗೆ ಪತ್ರ ಬರೆದರೆ ವಿದ್ಯಾರ್ಥಿಗಳನ್ನು ಸಮುದಾಯ ತರಬೇತಿಗೆ ಕಳಿಸುತ್ತಾರೆ. ಅವರು ಕಲಿಯಲು ಬರುವವರು, ನಮ್ಮ ಸಿಬ್ಬಂದಿಯ ಬದಲಿಗೆ ಅಲ್ಲ.

ಹಂತ 6: ಕರೆಂಟು, ನೀರು

ಮೊದಲು ಜೆಸ್ಕಾಂ (ನಮ್ಮ ಕಡೆಯ ಕರೆಂಟು ಕಂಪನಿ) ಬಿಲ್ಲಿನಲ್ಲಿ ಯಾವ ದರದ ವರ್ಗ ಅಂತ ಬರೆದಿದೆ ನೋಡಿ. ಕಟ್ಟಡ ಹಿಂದೆ ಗೋಡೌನೋ ಅಂಗಡಿಯೋ ಆಗಿದ್ದರೆ ವಾಣಿಜ್ಯ ದರ ಹಾಗೇ ಮುಂದುವರಿದಿರುತ್ತದೆ. ಟ್ರಸ್ಟ್ ನೋಂದಣಿ ಪತ್ರ ಹಿಡಿದು ಉಪವಿಭಾಗದ ಕಚೇರಿಯಲ್ಲಿ ವರ್ಗ ಬದಲಾವಣೆಗೆ ಅರ್ಜಿ ಕೊಡಿ.

ಆಮೇಲೆ ಫ್ಯಾನು. ಹಳೆಯ ಫ್ಯಾನಿಗೆ 75 ವಾಟ್, ಹೊಸ ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು. 20 ಫ್ಯಾನು ದಿನಕ್ಕೆ 16 ಗಂಟೆ ತಿರುಗಿದರೆ ಹಳೆಯವು 24 ಯೂನಿಟ್ ತಿನ್ನುತ್ತವೆ, ಹೊಸವು ಹತ್ತಕ್ಕೂ ಕಡಿಮೆ. ಯೂನಿಟ್‌ಗೆ 7 ರೂಪಾಯಿ ಹಿಡಿದರೂ ತಿಂಗಳಿಗೆ ಮೂರು ಸಾವಿರ ಉಳಿತಾಯ. ಫ್ಯಾನಿಗೆ ಮೂರು ಸಾವಿರದಂತೆ 60,000 ಹಾಕಿದರೆ, ಚಳಿಗಾಲ ಕಳೆದು, ಎರಡೂವರೆ ವರ್ಷದೊಳಗೆ ವಾಪಸ್. ಎಲ್ಲ ಒಟ್ಟಿಗೆ ಬೇಡ, ಕೆಟ್ಟದ್ದನ್ನು ರಿಪೇರಿ ಮಾಡಿಸುವ ಬದಲು ಒಂದೊಂದಾಗಿ ಬದಲಿಸಿ. ದಾನಿಗಳಿಗೆ "ಒಂದು ಫ್ಯಾನು" ಅಂತ ಕೇಳುವುದೂ ಸುಲಭ. ಬಿಸಿನೀರಿಗೆ ಸೋಲಾರ್ ಹಾಕಿಸಿ, ಇಲ್ಲಿ ಬಿಸಿಲಿಗೇನು ಬರವೇ? ಚಾವಣಿಗೆ ಫೆಬ್ರುವರಿಯಲ್ಲಿ ಸುಣ್ಣ ಬಳಿಸಿದರೆ ಮೇಲಿನ ಕೋಣೆಗಳ ಧಗೆ ಇಳಿಯುತ್ತದೆ. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಡ್ರಮ್ಮಿನಲ್ಲಿ ಹಿಡಿದು ನೆಲ ಒರೆಸಲು, ಕಕ್ಕಸಿಗೆ ಬಳಸಿ. ಮೇ ತಿಂಗಳಲ್ಲಿ ಟ್ಯಾಂಕರ್ ತರಿಸುವವರಿಗೆ ಅದರ ಬೆಲೆ ಗೊತ್ತು.

ಹಂತ 7: ಹಿರಿಯರಿಗೆ ಬರಬೇಕಾದ್ದು ಅವರಿಗೆ ಬರಲಿ

ಪ್ರತಿಯೊಬ್ಬರಿಗೂ ಒಂದು ಫೈಲು ಮಾಡಿ: ಆಧಾರ್, ರೇಷನ್ ಕಾರ್ಡ್, ಪಿಂಚಣಿ, ಬ್ಯಾಂಕ್ ಪುಸ್ತಕ, ಆರೋಗ್ಯ ಕಾರ್ಡ್. 65 ದಾಟಿದ ಬಡವರಿಗೆ ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ ತಿಂಗಳಿಗೆ 1,200 ರೂಪಾಯಿ. ಎಷ್ಟೋ ಜನರದು ಊರಿನ ಹಳೆಯ ವಿಳಾಸದಲ್ಲಿ ನಿಂತುಹೋಗಿರುತ್ತದೆ. ಆಧಾರ್ ಬ್ಯಾಂಕಿಗೆ ಜೋಡಣೆ ಆಗಿಲ್ಲ ಅನ್ನುವುದು ಮಾಮೂಲಿ ಕಾರಣ. ಒಬ್ಬರನ್ನು ನಾಡಕಚೇರಿಗೆ ಕರೆದುಕೊಂಡು ಹೋಗಿ ಬರಲು ಒಂದು ದಿನ ಹೋಗುತ್ತದೆ, ಹೋಗಲಿ.

ಆದರೆ ಆ ದುಡ್ಡು ಅವರದು. ಆಶ್ರಮದ್ದಲ್ಲ. ಅವರ ಬ್ಯಾಂಕ್ ಪುಸ್ತಕವನ್ನು ಕಪಾಟಿನಲ್ಲಿ ಇಟ್ಟುಕೊಂಡು ನಾವೇ ತೆಗೆಯುವುದು ತಪ್ಪು, ಮುಂದೆ ಕೇಸು ಕೂಡ ಆಗಬಹುದು. ಅವರೇ ಒಪ್ಪಿ ಖರ್ಚಿಗೆ ಇಷ್ಟು ಕೊಡುತ್ತೇನೆ ಅಂದರೆ ಬರಹದಲ್ಲಿ ತೆಗೆದುಕೊಂಡು ರಸೀದಿ ಕೊಡಿ. ಎಲೆ ಅಡಿಕೆಗೆ, ಮೊಮ್ಮಗಳಿಗೆ ಫೋನ್ ಮಾಡಲು ಅವರ ಕೈಯಲ್ಲಿ ಒಂದಿಷ್ಟು ಇರಲೇಬೇಕು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಅಲ್ಲಿಂದ ಶಿಫಾರಸು ಪಡೆಯಬೇಕು. ಇದು ಗೊತ್ತಿಲ್ಲದೆ ನೇರ ಖಾಸಗಿಗೆ ಕರೆದೊಯ್ದು ನಾವು ಒಂದು ಸಲ 70,000 ಕಟ್ಟಿದ್ದೇವೆ. ಕಾರ್ಡನ್ನು ಆರೋಗ್ಯ ಸರಿ ಇರುವಾಗಲೇ ಮಾಡಿಸಿಡಿ.

ಇನ್ನೊಂದು ಗುಂಪಿದೆ. ಹೊಲ, ಮನೆ ಮಕ್ಕಳ ಹೆಸರಿಗೆ ಬರೆದುಕೊಟ್ಟು ಇಲ್ಲಿಗೆ ಬಂದವರು. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಕೊಟ್ಟರೆ ತಿಂಗಳಿಗೆ 10,000 ರೂಪಾಯಿ ತನಕ ಜೀವನಾಂಶ ಕೊಡಿಸಬಹುದು. ನಮ್ಮ ಜಿಲ್ಲೆಯಲ್ಲಿ ಕಲಬುರಗಿ ಮತ್ತು ಸೇಡಂ ಎರಡು ಕಡೆ ಆ ಕಚೇರಿ ಇದೆ. ಬಹುತೇಕ ತಾಯಿ ತಂದೆ "ಬ್ಯಾಡ್ರಿ, ಮಗನ ಮರ್ಯಾದಿ ಹೋಗ್ತದ" ಅನ್ನುತ್ತಾರೆ. ಅವರನ್ನು ಒತ್ತಾಯ ಮಾಡಬೇಡಿ. ಆದರೆ ಮಗನಿಗೆ ಫೋನ್ ಮಾಡಿ ಕಾಯ್ದೆ ಹೀಗಿದೆ ಅಂತ ನೀವು ಹೇಳುವುದಕ್ಕೆ ಅವರು ಅಡ್ಡಿ ಮಾಡಲ್ಲ. ಮಾತಿನಲ್ಲೇ ಮುಗಿದದ್ದು ಜಾಸ್ತಿ. ಸಲಹೆಗೆ 14567 ಸಹಾಯವಾಣಿಯೂ ಇದೆ.

ಹಂತ 8: ಹೊಸ ದುಡ್ಡಿನ ದಾರಿ

ಕೆಲವು ಕೋಣೆಗಳನ್ನು ದುಡ್ಡು ಕೊಡುವವರಿಗೆ ಇಡಿ. ಮಕ್ಕಳು ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿದ್ದು ಇಲ್ಲಿ ಒಂಟಿಯಾಗಿರುವ ನಿವೃತ್ತ ಮೇಷ್ಟ್ರು, ಬ್ಯಾಂಕಿನವರು ಬಹಳ ಜನ ಇದ್ದಾರೆ. ಹಂತ 1ರ ಲೆಕ್ಕದಲ್ಲಿ ಒಬ್ಬರ ತಿಂಗಳ ಖರ್ಚು ಸುಮಾರು 10,000. ಎಂಟು ಜನ 15,000ದಂತೆ ಕೊಟ್ಟರೆ ಉಳಿಯುವ 40,000ದಲ್ಲಿ ನಾಲ್ಕು ಜನ ಬಡವರ ಖರ್ಚು ಪೂರ್ತಿ ಹೋಗುತ್ತದೆ. 12ಎ ನೋಂದಣಿ (ದತ್ತಿ ಸಂಸ್ಥೆ ಅಂತ ಆದಾಯ ತೆರಿಗೆ ಇಲಾಖೆ ಕೊಡುವುದು) ಇರುವ ಸಂಸ್ಥೆ 60 ದಾಟಿದವರಿಂದ ತಿಂಗಳಿಗೆ 25,000 ರೂಪಾಯಿ ಒಳಗೆ ತೆಗೆದುಕೊಂಡರೆ ಜಿಎಸ್‌ಟಿ ಇಲ್ಲ. ಅನುದಾನದಲ್ಲಿ ಮಂಜೂರಾದ ಬಡವರ ಸೀಟುಗಳಿಗೆ ಇವರನ್ನು ಸೇರಿಸಬೇಡಿ, ಅದು ದೊಡ್ಡ ಆಕ್ಷೇಪಣೆಗೆ ದಾರಿ. ಕೋಣೆ ಬೇರೆ ಇರಲಿ, ಪಂಕ್ತಿ ಮಾತ್ರ ಒಂದೇ. ಬೇರೆ ಅಡುಗೆ ಶುರುವಾದ ದಿನ ಮನೆ ಎರಡಾಗುತ್ತದೆ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ದುಡ್ಡಿಗೆ ವೃದ್ಧಾಶ್ರಮ ಅರ್ಹ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲೇ ಅದರ ಹೆಸರಿದೆ. ವಾಡಿ, ಮಳಖೇಡ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳಿವೆ. ಆದರೆ ಆ ದುಡ್ಡು ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಇಲ್ಲದೆ ಬಾಗಿಲು ಬಡಿಯಬೇಡಿ. ಅವರ ಹತ್ರ ಸಂಬಳ ಕೇಳಿದರೆ ಕೊಡುವುದು ಕಷ್ಟ. ಸೋಲಾರ್, ಗಾಳಿ ಹಾಸಿಗೆ, ಬಚ್ಚಲು ರಿಪೇರಿ ಹೀಗೆ ಕಣ್ಣಿಗೆ ಕಾಣುವುದನ್ನು ಕೇಳಿ. ಅದರಿಂದ ಪ್ರತಿ ತಿಂಗಳ ಖರ್ಚು ಎಷ್ಟು ಇಳಿಯುತ್ತದೆ ಅಂತ ಒಂದು ಪುಟದಲ್ಲಿ ಬರೆದು ಕೊಡಿ.

ಸಣ್ಣ ದಾನಿಗಳಿಗೆ 80ಜಿ ರಸೀದಿ ಕೊಡಿ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಅವರಿಗೆ ತೆರಿಗೆ ವಿನಾಯಿತಿ ಸಿಗಲ್ಲ, ಫೋನ್ ಪೇ ಅಥವಾ ಚೆಕ್ ಅನ್ನಿ. ಲಾಭ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ, ಅದನ್ನೂ ಮೊದಲೇ ಹೇಳಿಬಿಡಿ. ನನ್ನ ಅನುಭವದಲ್ಲಿ ತಿಂಗಳಿಗೆ 500 ತಪ್ಪದೆ ಕಳಿಸುವ ನೂರು ಜನ ವರ್ಷಕ್ಕೊಮ್ಮೆ ಲಕ್ಷ ಕೊಡುವ ಐದು ಜನಕ್ಕಿಂತ ಮೇಲು. ವರ್ಷಕ್ಕೆ ಆರು ಲಕ್ಷ ಆಯಿತು, ಹಾರ ತುರಾಯಿಯ ಖರ್ಚೂ ಇಲ್ಲ.

ಹಂತ 9: ದುಡ್ಡು ಬಾರದ ತಿಂಗಳು

ಇಷ್ಟೆಲ್ಲ ಮಾಡಿದರೂ ಅಂಥ ತಿಂಗಳು ಬರುತ್ತದೆ. ಏನು ಮೊದಲು ನಿಲ್ಲಬೇಕು ಅಂತ ದುಡ್ಡು ಇರುವಾಗಲೇ ಟ್ರಸ್ಟಿನ ಸಭೆಯಲ್ಲಿ ಬರೆದಿಡಿ. ನಮ್ಮ ಹಾಳೆಯಲ್ಲಿ ಹೀಗಿದೆ: ಮೊದಲು ಬಣ್ಣ, ಪೀಠೋಪಕರಣ, ಕಾರ್ಯಕ್ರಮದ ಶಾಮಿಯಾನ. ಆಮೇಲೆ ಟ್ರಸ್ಟಿಗಳ ಓಡಾಟದ ಖರ್ಚು. ಆಮೇಲೆ ನನ್ನ ಸಂಬಳ. ಆಮೇಲೆ ಹೊಸಬರನ್ನು ಸೇರಿಸಿಕೊಳ್ಳುವುದು. ಹಾಲು, ಬಿಪಿ ಶುಗರ್ ಗುಳಿಗೆ, ರಾತ್ರಿ ಪಾಳಿಯ ಇಬ್ಬರು ಈ ಪಟ್ಟಿಯಲ್ಲಿ ಇಲ್ಲ.

ಪ್ರತಿ ತಿಂಗಳ 5ನೇ ತಾರೀಖು ಗಂಜಿಗೆ ಈಗ ನಾನೇ ಹೋಗುತ್ತೇನೆ, ಕರೆಯುವ ತನಕ ಕಾಯುವುದಿಲ್ಲ. ಪೂರ್ತಿ ಕೊಡಲು ಆಗದ ತಿಂಗಳು ಅರ್ಧ ಕೊಟ್ಟು, ಉಳಿದದ್ದು ಯಾವ ತಾರೀಖು ಅಂತ ಕಾಕಾರ ಪುಸ್ತಕದಲ್ಲಿ ನನ್ನ ಕೈಯಿಂದಲೇ ಬರೆದು ಬರುತ್ತೇನೆ. ಹೋದ ಎಳ್ಳಮಾವಾಸ್ಯೆಗೆ ಅವರು ಎರಡು ಕಿಲೋ ಶೇಂಗಾ ಕಟ್ಟಿಕೊಟ್ಟರು, ಹಿಂಡಿ (ಚಟ್ನಿಪುಡಿ) ಮಾಡಿಸಿ ಅಂತ. ಸ್ಟಾಕ್ ಪುಸ್ತಕಕ್ಕೆ ಏರಿಸಿದ್ದೇನೆ.